ಕಡ್ಡಾಯ ಆರೋಗ್ಯ ವಿಮೆ: ಚರ್ಚಾಸ್ಪರ್ಧೆಗೆ ಅಣಿಯಾಗುವ ಬಗೆ

ಮಂಡ್ಯ ಮತ್ತು ಮೈಸೂರಿನ ಕಾಲೇಜು ವಿದ್ಯಾರ್ಥಿಗಳನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡ ತೊಡಕೊಂದಿದೆ. ‘ಪ್ರತಿಯೊಬ್ಬ ನಾಗರಿಕನೂ ಆರೋಗ್ಯ ವಿಮೆ ಕೊಳ್ಳುವುದನ್ನು ಕಾನೂನು ಕಡ್ಡಾಯಗೊಳಿಸಬೇಕು’ ಎಂಬ ವಿಷಯ ಕೊಟ್ಟರೆ, ಪರವಾಗಿ ನಿಂತವರು ಬಡವರ ಕಷ್ಟವನ್ನು ವಿವರಿಸುತ್ತಾರೆ, ವಿರೋಧವಾಗಿ ನಿಂತವರು ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಹೇಳಿ ಕುಳಿತುಕೊಳ್ಳುತ್ತಾರೆ, ಎರಡು ವಾದಗಳೂ ಒಂದಕ್ಕೊಂದು ತಾಗುವುದೇ ಇಲ್ಲ. ಅವು ತಾಗಬೇಕಾದ ಪ್ರಶ್ನೆ ಒಂದೇ: ವಿಮೆಯ ಹೊರಗೆ ಉಳಿದವನು ಕಾಯಿಲೆ ಬಿದ್ದಾಗ ಅವನ ಖರ್ಚು ಯಾರ ತಲೆಯ ಮೇಲೆ ಬರುತ್ತದೆ? ಸಿದ್ಧತೆಯನ್ನು ಈ ಪ್ರಶ್ನೆಯಿಂದಲೇ ಆರಂಭಿಸಿ.

ಮೊದಲು ವಿಮೆ ನಡೆಯುವ ರೀತಿಯನ್ನು ಅರ್ಥ ಮಾಡಿಕೊಳ್ಳಬೇಕು, ಅದಕ್ಕೆ ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2003ರಲ್ಲಿ, ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂದಿತು. ವರ್ಷಕ್ಕೆ ತಲೆಗೆ 60 ರೂಪಾಯಿ ಕಟ್ಟಿದ ರೈತನಿಗೆ ಲಕ್ಷ ರೂಪಾಯಿಯ ಶಸ್ತ್ರಚಿಕಿತ್ಸೆ ದೊರೆಯಲು ಸಾಧ್ಯವಾದದ್ದು, ಕಟ್ಟಿದ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿಗೆ ಆ ವರ್ಷ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ ಎಂಬ ಕಾರಣದಿಂದ, ಜೊತೆಗೆ ಸರ್ಕಾರವೂ ಹಣ ಕೊಟ್ಟದ್ದರಿಂದ. ಮುಂದೆ ವಂತಿಗೆಯನ್ನು 120 ರೂಪಾಯಿಗೆ ಏರಿಸಿದಾಗ ಸದಸ್ಯರ ಸಂಖ್ಯೆ ಇಳಿಯಿತು. ಹೀಗೆ ಇಳಿಯುವಾಗ ಮೊದಲು ಬಿಟ್ಟು ಹೋಗುವವನು ಗಟ್ಟಿಮುಟ್ಟಾದ ಯುವಕನೇ ಹೊರತು ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ತಿಳಿದವನಲ್ಲ. ಆರೋಗ್ಯವಂತರು ಹೊರಟರೆ ಉಳಿದವರ ಸರಾಸರಿ ವೆಚ್ಚ ಹೆಚ್ಚುತ್ತದೆ, ಕಂತು ಮತ್ತೆ ಏರುತ್ತದೆ, ಏರಿದ ಕಂತಿಗೆ ಹೆದರಿ ಇನ್ನಷ್ಟು ಮಂದಿ ಬಿಡುತ್ತಾರೆ. ಅರ್ಥಶಾಸ್ತ್ರಜ್ಞರು ಪ್ರತಿಕೂಲ ಆಯ್ಕೆ ಎನ್ನುವುದು ಇದನ್ನೇ. ಕಡ್ಡಾಯದ ಪರವಾದ ಅತ್ಯಂತ ಬಲವಾದ ವಾದ ಇದರಲ್ಲಿಯೇ ಇದೆ.

ಇದು ಮನದಟ್ಟಾದ ಮೇಲೆ ಅಮೆರಿಕದ ಇತಿಹಾಸವನ್ನು ಓದಿ, ಏಕೆಂದರೆ ಈ ವಿವಾದ ರಾಜಕೀಯವಾಗಿ ಅತ್ಯಂತ ಕಾವೇರಿದ್ದು ಅಲ್ಲಿ. ಕಡ್ಡಾಯದ ಆಲೋಚನೆಯನ್ನು 1989ರಲ್ಲಿ ಮುಂದಿಟ್ಟದ್ದು ಹೆರಿಟೇಜ್ ಫೌಂಡೇಶನ್ ಎಂಬ ಬಲಪಂಥೀಯ ಸಂಸ್ಥೆ. 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅದನ್ನು ಕಾನೂನಾಗಿಸಿದವರು ಬಲಪಂಥದತ್ತ ವಾಲುವ ರಿಪಬ್ಲಿಕನ್ ಪಕ್ಷದ ಗವರ್ನರ್ ಮಿಟ್ ರಾಮ್ನಿ. 2008ರ ಅಧ್ಯಕ್ಷೀಯ ಚುನಾವಣೆಯ ಪ್ರಚಾರದಲ್ಲಿ ತಮ್ಮದೇ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರ ಕಡ್ಡಾಯದ ಪ್ರಸ್ತಾಪವನ್ನು ವಿರೋಧಿಸಿದ್ದ ಬರಾಕ್ ಒಬಾಮ ಅವರೇ 2010ರ ಮಾರ್ಚ್‌ನಲ್ಲಿ ಅದನ್ನೊಳಗೊಂಡ ಕಾಯ್ದೆಗೆ ಸಹಿ ಹಾಕಿದರು, ಆಗ ರಿಪಬ್ಲಿಕನ್ನರು ಅದನ್ನು ಸ್ವಾತಂತ್ರ್ಯಹರಣವೆಂದು ಕರೆದರು. ಆದ್ದರಿಂದ ‘ಇದು ಎಡಪಂಥದ ಯೋಜನೆ’ ಎಂದಾಗಲಿ ‘ಬಲಪಂಥದ ಯೋಜನೆ’ ಎಂದಾಗಲಿ ವೇದಿಕೆಯ ಮೇಲೆ ಹೇಳಬೇಡಿ. ಎದುರಾಳಿ ಓದಿಕೊಂಡು ಬಂದಿದ್ದರೆ ಆ ಒಂದು ವಾಕ್ಯದಲ್ಲಿಯೇ ನೀವು ಸೋಲುತ್ತೀರಿ.

ನ್ಯಾಯಾಲಯದ ತೀರ್ಪನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. 2012ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಕಡ್ಡಾಯವನ್ನು ಎತ್ತಿಹಿಡಿದದ್ದು ನಿಜ. ಆದರೆ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರದಡಿ ಸರ್ಕಾರವು ಯಾರನ್ನೂ ‘ಕೊಳ್ಳು’ ಎಂದು ಬಲವಂತಪಡಿಸುವಂತಿಲ್ಲ, ಕೊಳ್ಳದವರ ಮೇಲೆ ವಿಧಿಸುವ ಹಣವನ್ನು ತೆರಿಗೆಯೆಂದು ಭಾವಿಸಿದರೆ ಮಾತ್ರ ಅದು ಸಿಂಧುವಾಗುತ್ತದೆ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಹೀಗಾಗಿ ಈ ತೀರ್ಪಿನಲ್ಲಿ ಇಬ್ಬರಿಗೂ ಆಧಾರ ಸಿಗುತ್ತದೆ. 2016ರ ಹೊತ್ತಿಗೆ ಆ ದಂಡ ಒಬ್ಬ ವಯಸ್ಕನಿಗೆ 695 ಡಾಲರ್ ಅಥವಾ ಆದಾಯದ ಶೇಕಡಾ 2.5, ಇವೆರಡರಲ್ಲಿ ಹೆಚ್ಚಿನದ್ದಾಗಿತ್ತು. 2017ರ ತೆರಿಗೆ ಕಾಯ್ದೆ ಅದನ್ನು 2019ರಿಂದ ಸೊನ್ನೆಗೆ ಇಳಿಸಿತು. ಅಲ್ಲಿ ಇಡೀ ದೇಶದಲ್ಲಿ ಈಗಲೂ ದಂಡವಿದೆ ಎಂದು ಹೇಳುವ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ, ಅದು ತಪ್ಪು. ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳು ಮಾತ್ರ ತಮ್ಮದೇ ದಂಡವನ್ನು ಇಟ್ಟುಕೊಂಡಿವೆ. ದಂಡ ಹೋದ ಮೇಲೂ ಅಲ್ಲಿನ ವಿಮಾ ಮಾರುಕಟ್ಟೆ ಕುಸಿಯಲಿಲ್ಲ, ಏಕೆಂದರೆ ಕಂತಿಗೆ ಸರ್ಕಾರ ಕೊಡುವ ಸಹಾಯಧನ ಜನರನ್ನು ಒಳಗೇ ಹಿಡಿದಿಟ್ಟಿತು. ವಿರೋಧವಾಗಿ ವಾದಿಸುವವರಿಗೆ ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಪರವಾಗಿ ವಾದಿಸುವವರು 1996ರಿಂದ ಎಲ್ಲ ನಿವಾಸಿಗಳಿಗೂ ಮೂಲ ವಿಮೆಯನ್ನು ಕಡ್ಡಾಯ ಮಾಡಿರುವ ಸ್ವಿಟ್ಜರ್ಲೆಂಡನ್ನು ಮುಂದಿಡಬಹುದು. ಅಲ್ಲಿ ಮೂಲ ವಿಮೆಯನ್ನು ಕೇಳಿ ಬಂದವರನ್ನು ಕಂಪನಿ, ಅವರಿಗೆ ಮೊದಲೇ ಕಾಯಿಲೆ ಇದೆಯೆಂದು, ನಿರಾಕರಿಸುವಂತಿಲ್ಲ.

ಪದಗಳನ್ನು ಬೆರೆಸದಿರುವುದು ಮುಖ್ಯ. ಬ್ರಿಟನ್ನಿನಲ್ಲಿ 1948ರಿಂದ ನಡೆಯುತ್ತಿರುವುದು ತೆರಿಗೆಯ ಹಣದ ಆರೋಗ್ಯ ಸೇವೆ, ಕಡ್ಡಾಯ ವಿಮೆಯಲ್ಲ. ನಮ್ಮ ಆಯುಷ್ಮಾನ್ ಭಾರತ ಯೋಜನೆಯಲ್ಲಿಯೂ ಬಡ ಕುಟುಂಬ ಕಂತು ಕಟ್ಟುವುದಿಲ್ಲ. ಆದರೆ ಕಡ್ಡಾಯ ನಮಗೆ ಹೊಸದೇನಲ್ಲ. 1948ರ ಕಾಯ್ದೆಯಿಂದ ಆರಂಭವಾದ ಇ.ಎಸ್.ಐ. ಎಂಬ ಕಾರ್ಮಿಕರ ವಿಮಾ ಯೋಜನೆಯ ವ್ಯಾಪ್ತಿಗೆ ಬರುವ ನಂಜನಗೂಡಿನ ಕಾರ್ಖಾನೆಯ ಕಾರ್ಮಿಕನ ಸಂಬಳದಿಂದ ಶೇಕಡಾ 0.75 ಕಡಿತವಾಗುತ್ತದೆ, ಮಾಲೀಕ ಶೇಕಡಾ 3.25 ಸೇರಿಸುತ್ತಾನೆ, ಕಾರ್ಮಿಕನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಬೈಕಿಗೆ ಮಾಡಿಸುವ ಥರ್ಡ್ ಪಾರ್ಟಿ ವಿಮೆಯನ್ನು ಉದಾಹರಿಸುವಾಗ ಮಾತ್ರ ಜಾಗ್ರತೆ ಬೇಕು: ಬೈಕು ಬೇಡವೆಂದರೆ ಆ ವಿಮೆಯೂ ಬೇಡ, ಆದರೆ ಮನುಷ್ಯ ತನ್ನ ದೇಹವನ್ನು ಬೇಡವೆನ್ನಲಾರ. ಸಂವಿಧಾನದಲ್ಲಿ ವಿಮೆ ಕೇಂದ್ರ ಪಟ್ಟಿಯಲ್ಲಿಯೂ ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿಯೂ ಇವೆ ಎಂಬುದನ್ನು ನೆನಪಿಟ್ಟುಕೊಂಡರೆ, ‘ಈ ಕಾನೂನನ್ನು ಯಾರು ಮಾಡಬೇಕು?’ ಎಂದು ತೀರ್ಪುಗಾರರು ಕೇಳಿದಾಗ ತಡವರಿಸಬೇಕಾಗುವುದಿಲ್ಲ.

ಕೊನೆಯದಾಗಿ, ಸಭೆಗೆ ಹೋಗುವ ಮೊದಲು ನಿಮ್ಮ ವಾದವನ್ನು ಮನೆಯವರ ಮುಂದೆ ಒಮ್ಮೆ ಹೇಳಿ ನೋಡಿ. ಕಬ್ಬಿನ ಹಣ ಕಾರ್ಖಾನೆಯಿಂದ ಬರುವವರೆಗೆ ಕಾಯುವ ಮನೆಯಲ್ಲಿ ಅಪ್ಪ ಕೇಳುವ ಪ್ರಶ್ನೆ ತತ್ತ್ವದ್ದಾಗಿರುವುದಿಲ್ಲ. ಕಂತು ಕಟ್ಟುವ ಕೊನೆಯ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ನನಗೂ ದಂಡ ಹಾಕುತ್ತಾರೆಯೇ ಎಂದು ಅವರು ಕೇಳುತ್ತಾರೆ. ಪರವಾಗಿ ನಿಲ್ಲುವವರು, ಡೇರಿಯ ಹಾಲಿನ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಳ್ಳುವುದೋ, ಬಡವರ ಕಂತನ್ನು ಸರ್ಕಾರವೇ ಕಟ್ಟುವುದೋ, ಒಂದು ಖಚಿತ ಉತ್ತರವನ್ನು ಸಿದ್ಧಪಡಿಸಿಕೊಂಡೇ ಹೋಗಬೇಕು. ವಿರೋಧವಾಗಿ ನಿಲ್ಲುವವರಿಗೆ ಅಮ್ಮನ ಪ್ರಶ್ನೆ ಕಾದಿರುತ್ತದೆ: ವಿಮೆ ಮಾಡಿಸದ ಪಕ್ಕದ ಮನೆಯ ಹುಡುಗನಿಗೆ ಅಪಘಾತವಾಗಿ ಮೈಸೂರಿನ ಕೆ. ಆರ್. ಆಸ್ಪತ್ರೆಗೆ ಸೇರಿಸಿದರೆ, ಆ ಖರ್ಚು ಯಾರದ್ದು?