ಮುಯ್ಯಾಳಿನಲ್ಲಿ ತೆಗೆದ ಸಿನಿಮಾ

ಹೋದ ತಿಂಗಳು ಕುಷ್ಟಗಿ ಹತ್ತಿರದ ಒಂದು ಊರಲ್ಲಿ ನನ್ನ ಸಿನಿಮಾದ 26ನೇ ಪ್ರದರ್ಶನ ಆಯಿತು. ಮುನ್ನೂರು ಜನರಾದರೂ ಇದ್ದರು. ಹಾಡಿಲ್ಲ, ಫೈಟಿಲ್ಲ, 82 ನಿಮಿಷದ ಸಿನಿಮಾ. ಹೀರೋ ಅಂದರೆ ಐವತ್ತೈದು ದಾಟಿದ ಒಬ್ಬ ಹಮಾಲಿ. ಹಿಂದೆ ನಿಂತಿದ್ದ ಹತ್ತು ಹದಿನೈದು ಹುಡುಗರು ಹೋದರು, ಉಳಿದವರು ಕೊನೇವರೆಗೂ ಕೂತರು. ಮೂರು ವರ್ಷದ ಹಿಂದೆ ಇದನ್ನು ಹೇಳಿದ್ದರೆ ನಮ್ಮ ಲೈನಿನವರು ಯಾರೂ ನಂಬುತ್ತಿರಲಿಲ್ಲ. ಗಂಗಾವತಿಯಲ್ಲಿ ನನ್ನ ಜೊತೆಗೇ ಮದುವೆ ವಿಡಿಯೋ ಮಾಡುವ ಗೆಳೆಯನೊಬ್ಬ ಮುಖಕ್ಕೇ ಹೇಳಿದ್ದ: "ಮುಯ್ಯಾಳಿನ್ಯಾಗ ಹೊಲದ ಕಸ ತೆಗಿಬಹುದಲೇ, ಸಿನಿಮಾ ತೆಗಿಲಿಕ್ಕೆ ಆಗಂಗಿಲ್ಲ."

ಆಗುತ್ತದೆ. ಮುಯ್ಯಾಳು ಅಂದರೆ ಕೂಲಿ ಇಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಳು ಹೋಗುವುದು. ಅದರಲ್ಲಿ ಸಿನಿಮಾ ಹೇಗೆ ತೆಗೆದೆ ಅಂತ ಬರೆಯುತ್ತಿದ್ದೇನೆ. ಕ್ಯಾಮೆರಾ, ಎಡಿಟಿಂಗ್ ಮದುವೆ ವಿಡಿಯೋ ಮಾಡುವ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ಕಥೆ. ನಾನು ಸಣ್ಣವನಿದ್ದಾಗ ನಮ್ಮೂರಲ್ಲಿ ಬಾವಿಗೆ ಬಿದ್ದ ಕೊಡ ತೆಗೆದುಕೊಡುವ ಒಬ್ಬ ಮನುಷ್ಯ ಇದ್ದ. ಹೆಗಲ ಮೇಲೆ ಹಗ್ಗದ ಸುರುಳಿ, ಅದರ ತುದಿಗೆ ಪಾತಾಳಗರಡಿ. ಕಬ್ಬಿಣದ ಒಂದು ಬಳೆ, ಅದರ ಸುತ್ತ ಏಳೆಂಟು ಕೊಕ್ಕೆ. ನಡೆದರೆ ಕೊಕ್ಕೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಬರುತ್ತಿತ್ತು. ಬೋರ್‌ವೆಲ್ ಬಂತು, ನಲ್ಲಿ ಬಂತು, ಬಾವಿಗೆ ಕಸ ತುಂಬಿದರು. ಆದರೂ ಅವನು ಓಣಿ ಓಣಿ ತಿರುಗಿ "ಏನಾರ ಬಿದ್ದೈತೇನ್ರಿ?" ಅಂತ ಕೇಳುತ್ತಿದ್ದ. ಜನ ಅವನಿಗೆ ಹುಚ್ಚ ಅನ್ನುತ್ತಿದ್ದರು. ಅವನು ಹುಚ್ಚನಲ್ಲ. ಅವನಿಗೆ ಗೊತ್ತಿದ್ದ ಕೆಲಸ ಊರಿಗೆ ಬೇಡವಾಗಿತ್ತು, ಅಷ್ಟೇ. ಇಂಥವರು ಪ್ರತಿ ಊರಲ್ಲೂ ಇದ್ದಾರೆ. ನಮ್ಮ ಸಿನಿಮಾದಲ್ಲಿ ಇವರು ಬಂದರೆ ಎರಡು ನಿಮಿಷ ನಗಿಸಿ ಹೋಗುತ್ತಾರೆ. ನನಗೆ ಅವನ ಜೊತೆ ಪೂರ್ತಿ ಸಿನಿಮಾ ಇರಬೇಕಿತ್ತು.

ಮೊದಲ ಸಲ ಮಾಡಿದ್ದು 2022ರ ಫೆಬ್ರವರಿಯಲ್ಲಿ. ಹೊಸ ಲೆನ್ಸಿಗೆ ಅಂತ ಎತ್ತಿಟ್ಟಿದ್ದ ದುಡ್ಡು, ಜೊತೆಗೆ ಒಂದಿಷ್ಟು ಕೈಗಡ, ಎಲ್ಲ ಸೇರಿ ಒಂದು ಲಕ್ಷ ಎಂಬತ್ತು ಸಾವಿರ. ಬೆಂಗಳೂರಿಂದ ಒಬ್ಬ ನಾಟಕದ ನಟ, ಒಬ್ಬ ಸೌಂಡಿನವನು, ಇಬ್ಬರು ಲೈಟಿನ ಹುಡುಗರು. ಲಾಡ್ಜ್, ಊಟ, ಗಾಡಿ. ಮೂರೇ ದಿನಕ್ಕೆ ದುಡ್ಡು ಖಾಲಿ. ನಟ ಒಳ್ಳೆಯವರು, ಕಷ್ಟಪಟ್ಟರು. ಆದರೆ ಅವರು ಬಾವಿ ಕಟ್ಟೆ ಮೇಲೆ ನಿಂತ ಕೂಡಲೇ ಸುತ್ತ ಇನ್ನೂರು ಜನ ಸೇರಿದರು. ಊರು ಊರಾಗಿ ಉಳಿಯಲಿಲ್ಲ, ಜಾತ್ರೆಯಾಯಿತು. ಊರಿಗೆ ಹೊಂದದ ಮನುಷ್ಯನ ಕಥೆ ನಮ್ಮದು, ಅಲ್ಲಿ ಆಗಿದ್ದು ಮಾತ್ರ ಊರೆಲ್ಲ ಬಂದು ಒಬ್ಬ ಹೊರಗಿನವರನ್ನು ನೋಡುವುದು. ಆ ಮೂರು ದಿನದ ಫುಟೇಜಿನಲ್ಲಿ ಒಂದು ಶಾಟ್ ಕೂಡ ಸಿನಿಮಾಕ್ಕೆ ಬರಲಿಲ್ಲ. ಹಾರ್ಡ್ ಡಿಸ್ಕ್ ಇನ್ನೂ ಇದೆ.

ಅದೇ ವರ್ಷ ಅಕ್ಟೋಬರಿನಲ್ಲಿ, ನಮ್ಮ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲೇ, ಊರ ಜನರನ್ನೇ ಇಟ್ಟುಕೊಂಡು ತೆಗೆದ 'ಶಿವಮ್ಮ' ಸಿನಿಮಾಕ್ಕೆ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಜನ, ನಮ್ಮ ಮಾತು ಇಟ್ಟುಕೊಂಡೇ ಸಿನಿಮಾ ಆಗುತ್ತದೆ ಅಂತ ಕಣ್ಣಿಗೆ ಕಾಣುವ ಹಾಗೆ ಗೊತ್ತಾಯಿತು.

ಎರಡನೇ ಸಲ, 2023ರಲ್ಲಿ, ನಟರನ್ನು ಬಿಟ್ಟೆ. ಅಕ್ಕಿ ಮಿಲ್ಲಿನ ಹಮಾಲಿ ಕಾಕಾನನ್ನು ಹಿಡಿದೆ. ಕಡಿಮೆ ಮಾತಿನ ಮನುಷ್ಯ. ನಡಿಗೆ ನಾನು ಸಣ್ಣವನಿದ್ದಾಗ ನೋಡಿದ್ದ ಅದೇ ನಡಿಗೆ. ಆದರೆ ಇನ್ನೊಂದು ತಪ್ಪು ಮಾಡಿದೆ. ಸಂಭಾಷಣೆ ಪೂರ್ತಿ ಬರೆದು ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ನಮ್ಮ ಕಡೆ ಹಿರಿಯರಿಗೆ ಬಯಲಾಟದ ಅಭ್ಯಾಸ. ಮಾತು ಬಾಯಿಪಾಠ ಅಂದ ಕೂಡಲೇ ಎದೆ ಸೆಟೆಸಿ, ಕೊನೇ ಸಾಲಿನವನಿಗೂ ಕೇಳುವ ಹಾಗೆ ಹೇಳುತ್ತಾರೆ. "ನೀರು ಕುಡಿತೀಯೇನು?" ಅನ್ನುವುದು ದುರ್ಯೋಧನನ ಮಾತಿನ ಹಾಗೆ ಬಂತು. ಹತ್ತು ದಿನ, ಸುಮಾರು ಎಪ್ಪತ್ತು ಸಾವಿರ. ಅದೂ ಹೋಯಿತು. ಮನೆಯವಳು ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಪ್ಪೇನೂ ಇರಲಿಲ್ಲ ಅವಳದು.

ಮುಯ್ಯಾಳಿನ ಯೋಚನೆ ಹೊಳೆದದ್ದು ನಮ್ಮ ಹೊಲದಲ್ಲೇ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಲೆಕ್ಕ ತಲೆಯಲ್ಲೇ ಇರುತ್ತದೆ. ಕಾಲುವೆ ನೀರು ಬಂದ ಗಂಗಾವತಿ ಕಡೆ ಗುತ್ತಿಗೆ ಗ್ಯಾಂಗುಗಳೇ ಜಾಸ್ತಿ, ಆದರೆ ನಮ್ಮ ಒಣಬೇಸಾಯದ ಊರುಗಳಲ್ಲಿ ಇದು ಇನ್ನೂ ನಡೆಯುತ್ತದೆ. ನನ್ನ ಹತ್ತಿರ ಇರುವ ಕೈಕೆಲಸ ಕ್ಯಾಮೆರಾ. ಊರಿನ ಯಾರ ಮನೆಯಲ್ಲಿ ಮದುವೆ, ತೊಟ್ಟಿಲು, ಮನೆ ಓಪನಿಂಗ್ ಇದ್ದರೂ ಇಪ್ಪತ್ತು ಮೂವತ್ತು ಸಾವಿರ ಅದಕ್ಕೇ ಹೋಗುತ್ತದೆ. ಹಾಗಾದರೆ ಅವರು ನನ್ನ ಸಿನಿಮಾಕ್ಕೆ ಆಳು ಬರಲಿ, ನಾನು ಅವರ ಮನೆ ಕಾರ್ಯಕ್ಕೆ ಆಳು ಹೋಗುತ್ತೇನೆ ಅಂದುಕೊಂಡೆ.

ನೂರು ಪುಟದ ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಅವರು ಬಂದ ದಿನ, ಬಲಕ್ಕೆ ನಾನು ತೀರಿಸಿದ ದಿನ. ಶೂಟಿಂಗ್ ನಡೆದದ್ದು ಬಿಡಿ ಬಿಡಿಯಾಗಿ ಸುಮಾರು ಮೂವತ್ತೆಂಟು ದಿನ. ಅದಕ್ಕೆ ಬದಲಾಗಿ ನಾನು ಮಾಡಿದ್ದು ಹನ್ನೊಂದು ಮದುವೆ, ಆರೇಳು ತೊಟ್ಟಿಲ ಕಾರ್ಯ, ಒಂದು ಶಾಲೆಯ ಗ್ಯಾದರಿಂಗ್. ವಯಸ್ಸಾದವರ ಫೋಟೋಗಳಂತೂ ಲೆಕ್ಕ ಇಲ್ಲ. ಹಿರಿಯರು ಇರುವಾಗಲೇ ಒಂದು ಒಳ್ಳೆ ಫೋಟೋ ತೆಗೆಸಿ ಇಟ್ಟುಕೊಳ್ಳಬೇಕು ಅಂತ ಎಷ್ಟೋ ಮನೆಯಲ್ಲಿ ಆಸೆ ಇರುತ್ತದೆ, ಕೇಳಲಿಕ್ಕೆ ಸಂಕೋಚ. ಮಿರ್ಚಿ ಬಜ್ಜಿ ಅಂಗಡಿಯವರು ಹದಿನೈದು ಜನಕ್ಕೆ ದಿನಾ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಕೊಟ್ಟರು. ಅವರ ಮಗಳ ಮದುವೆಯನ್ನು ಎರಡು ಕ್ಯಾಮೆರಾ, ಒಂದು ಡ್ರೋನ್ ಹಾಕಿ ಮಾಡಿಕೊಟ್ಟೆ. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ಚೆನ್ನಾಗಿ ಯಾವ ಮದುವೆಯೂ ಬಂದಿಲ್ಲ.

ಶೂಟಿಂಗಿಗೆ ಇಟ್ಟುಕೊಂಡದ್ದು ಆಷಾಢ ಮತ್ತು ಶೂನ್ಯ ಮಾಸ. ಮದುವೆ ಇಲ್ಲ, ನಮ್ಮ ಕ್ಯಾಮೆರಾಗಳು ಸುಮ್ನೆ ಕೂತಿರುತ್ತವೆ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ, ಆಮೇಲೆ ಜನ ಹೊಲಕ್ಕೆ ಹೋಗಬೇಕು. ಮತ್ತೆ ಸಂಜೆ ಒಂದು ತಾಸು. ದಿನಕ್ಕೆ ಒಂದು ಸೀನ್, ಕೆಲವು ಸಲ ಎರಡು. ನಡೆಯುತ್ತಾ ತೆಗೆದರೂ ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಗಿಂಬಲ್ ತೆಗೆದು ಅಲ್ಮೇರಾದಲ್ಲಿ ಇಟ್ಟುಬಿಟ್ಟೆ. ಮದುವೆಯವರಾದ ನಮಗೆ ಕ್ಯಾಮೆರಾ ನಿಲ್ಲಿಸಿ ಗೊತ್ತೇ ಇಲ್ಲ, ಅಲ್ವಾ? ಸ್ಟ್ಯಾಂಡ್, ಒಂದು 50 ಎಂಎಂ ಲೆನ್ಸ್, ಅಷ್ಟೇ. ಅಮೆರಿಕದ ನಿರ್ದೇಶಕ ಜಿಮ್ ಜಾರ್ಮುಶ್ 1984ರಲ್ಲಿ 'ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್' ಮಾಡಿದಾಗ ಒಂದು ಸೀನಿಗೆ ಒಂದೇ ಶಾಟ್, ನಡುವೆ ಕಪ್ಪು ಪರದೆ ಅಂತ ಇಟ್ಟುಕೊಂಡಿದ್ದರು. ಎಲ್ಲೂ ಸಲ್ಲದ ಮೂರು ಜನರ ಕಥೆ ಅದು. ಅದರ ಮೊದಲ ಭಾಗ ತೆಗೆದದ್ದು ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ಕೊಟ್ಟ ಉಳಿಕೆ ಫಿಲ್ಮ್ ರೀಲಿನಲ್ಲಿ. ಆ ಒಂದೇ ಶಾಟಿನ ಪಾಠ ನನಗೆ ಜೀವ ಉಳಿಸಿತು. ಒಮ್ಮೆ ಹಾಲು ಕರೆದ ಅಕ್ಕನಿಗೆ "ಇನ್ನೊಂದು ಆ್ಯಂಗಲ್, ಮತ್ತೆ ಕರೀರಿ" ಅನ್ನಲಿಕ್ಕೆ ಆಗುತ್ತದೇನು?

ಬಯಲಾಟದ ದನಿ ಹೋಗಲಿಕ್ಕೆ ಎಲ್ಲರ ಕೈಗೂ ಕೆಲಸ ಕೊಟ್ಟೆ. ಜೋಳ ಕೇರುವುದು, ಮೆಣಸಿನಕಾಯಿ ತೊಟ್ಟು ಮುರಿಯುವುದು, ಹಗ್ಗ ಹೊಸೆಯುವುದು. ಕೈ ನಡೆಯುತ್ತಿದ್ದರೆ ಮಾತು ತಾನಾಗಿ ಇಳಿಯುತ್ತದೆ. ಸೀನಿನ ವಿಷಯ ಮಾತ್ರ ಹೇಳುತ್ತಿದ್ದೆ, ಮಾತು ಅವರದೇ. ಕಾಕಾನಿಗೆ ಕಾಲರ್ ಮೈಕ್ ಹಾಕಿದರೆ ಅಂಗಿ ಉಜ್ಜಿ ಬರೀ ಸರಸರ ಸದ್ದು. ಕೊನೆಗೆ ಮೈಕ್ ರುಮಾಲಿನ ಮಡಿಕೆಯಲ್ಲಿ ಹೋಯಿತು. ಬಿಳಿ ದಾರದಿಂದ ಎರಡು ಹೊಲಿಗೆ ಹಾಕಿದರೆ ಸಾಕು. ಇಷ್ಟು ಸ್ವಚ್ಛ ದನಿ ನನಗೆ ಯಾವ ಮಂಟಪದಲ್ಲೂ ಸಿಕ್ಕಿಲ್ಲ.

ಇಷ್ಟಾದರೂ ಬಾವಿಯ ಸೀನ್ ಬರುತ್ತಿರಲಿಲ್ಲ. ಅದೇ ಸಿನಿಮಾದ ಎದೆ. ಕಾಕಾ ಹಗ್ಗ ಬಿಡುತ್ತಿದ್ದ, ಎಳೆಯುತ್ತಿದ್ದ, ನಾಲ್ಕು ಬೆಳಗು ಹೋಯಿತು. ಬರೀ ಹಗ್ಗ ಎಳೆಯುವ ಮನುಷ್ಯ ಕಾಣುತ್ತಿದ್ದ.

ಐದನೇ ದಿನ ನಾನು ಬೇರೆ ಪ್ರಯೋಗಕ್ಕೆ ಕೈ ಹಾಕಿದೆ. ಒಳಗಿಂದ ಮೇಲೆ ನೋಡುವ ಶಾಟ್ ಬೇಕಿತ್ತು. ಹಿಡಿಕೆ ಇರುವ ಹಳೇ ಎಣ್ಣೆ ಡಬ್ಬಿಯಲ್ಲಿ ನನ್ನ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟು, ರೆಕಾರ್ಡ್ ಒತ್ತಿ, ಸೆಣಬಿನ ದಾರದಲ್ಲಿ ಇಳಿಬಿಟ್ಟೆ. ನಲವತ್ತೈದು ಅಡಿ ಬಾವಿ, ನೀರು ಹದಿನೈದು ಅಡಿ. ಅರ್ಧಕ್ಕೆ ಹೋಗಿ ದಾರ ಕಲ್ಲಿಗೆ ಉಜ್ಜಿ ಹರಿಯಿತು. ಗುಳುಂ ಅಂತ ಸದ್ದು. ಹದಿನಾರು ಸಾವಿರದ ಫೋನು.

ಕಾಕಾ ನನ್ನ ಮುಖ ನೋಡಿದ. "ಸುಮ್ಕಿರು ತಮ್ಮಾ" ಅಂದ. ಕಟ್ಟೆ ಮೇಲೆ ಹೊಟ್ಟೆ ಹಚ್ಚಿ ಮಲಗಿ ಪಾತಾಳಗರಡಿ ಬಿಟ್ಟ. ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದಿದ್ದ, ನಾಡಿ ನೋಡುವ ಹಾಗೆ. ಕೊಕ್ಕೆ ತಳ ಮುಟ್ಟಿದಾಗ ಬೆರಳು ನಿಂತವು. ಒಂದು ಗೇಣು ಎತ್ತುವುದು, ಅರ್ಧ ಸುತ್ತು ತಿರುಗಿಸುವುದು, ಮತ್ತೆ ಬಿಡುವುದು. ಕಣ್ಣು ಬಾವಿ ಕಡೆ ಇರಲೇ ಇಲ್ಲ, ಎದುರಿನ ಬೇವಿನ ಮರದ ಕಡೆ ಇತ್ತು. ನೋಡುವ ಕೆಲಸವನ್ನೆಲ್ಲ ಕೈಗೆ ಬಿಟ್ಟಿದ್ದ. ಒಂದು ಹಳೇ ಚಪ್ಪಲಿ ಬಂತು, ಒಂದು ಮುರುಕು ಬಕೆಟ್ ಬಂತು. ನಲವತ್ತು ನಿಮಿಷಕ್ಕೆ ಡಬ್ಬಿಯ ಹಿಡಿಕೆ ಕೊಕ್ಕೆಗೆ ಸಿಕ್ಕಿತು. ಅಷ್ಟೊತ್ತಿಗೆ ಊರವರು ಮೂವತ್ತು ಜನ ಸುತ್ತ ನಿಂತಿದ್ದರು, ಒಬ್ಬರೂ ಕ್ಯಾಮೆರಾ ನೋಡುತ್ತಿರಲಿಲ್ಲ. ದೊಡ್ಡ ಕ್ಯಾಮೆರಾ ಅಷ್ಟೂ ಹೊತ್ತು ನಡೆದೇ ಇತ್ತು.

ಫೋನ್ ಸತ್ತಿತ್ತು. ನನಗೆ ದುಃಖ ಆಗಲಿಲ್ಲ. ಆ ನಲವತ್ತು ನಿಮಿಷದಲ್ಲಿ ಹನ್ನೊಂದು ನಿಮಿಷ ಕತ್ತರಿಸದೆ ಸಿನಿಮಾದಲ್ಲಿದೆ.

ಅವತ್ತಿನಿಂದ ನಟನೆಗೆ ಅಂತ ಯಾವುದನ್ನೂ ಮಾಡಿಸಲಿಲ್ಲ. ಏನಾದರೂ ಕಳೆಯಬೇಕು ಅಂದರೆ ನಿಜವಾಗಿ ಕಳೆಯಬೇಕು. ಏನನ್ನು, ಯಾರ ಮನೆಯಿಂದ, ಹೇಗೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ಮುಂದಿನ ಸಿನಿಮಾಕ್ಕೂ ಬೇಕು. ಬಾವಿಯೊಳಗಿನ ರಾತ್ರಿ ಸೀನಿಗೆ ಬೆಳಕು ಎಲ್ಲಿಂದ ಬಂತು ಅಂತಲೂ ಬಹಳ ಜನ ಕೇಳುತ್ತಾರೆ. ಖರ್ಚು 350 ರೂಪಾಯಿ ಅಂತ ಮಾತ್ರ ಹೇಳುತ್ತೇನೆ.

2024ರ ಆಷಾಢ ಮುಗಿದ ಮೇಲೂ ಎರಡು ಭಾನುವಾರದ ಕೆಲಸ ಉಳಿದಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಭಾನುವಾರ ಶೂಟಿಂಗಿಗೆ ಯಾರೂ ಬರಲಿಲ್ಲ. ಕಾಲುವೆ ಕೆಳಗೆ ಹೊಲ ಇರುವ ನೆಂಟರು ಎಲ್ಲರಿಗೂ ಇದ್ದಾರೆ. ಕರೆಯುವ ಮನಸ್ಸು ನನಗೂ ಆಗಲಿಲ್ಲ. ಕೂಲಿ ಕೊಟ್ಟು ಕರೆಸಿದ್ದರೆ ಆ ಒಂದು ದಿನಕ್ಕೆ ಇಪ್ಪತ್ತೈದು ಸಾವಿರ ನೀರಿಗೆ ಹೋಗುತ್ತಿತ್ತು. ಮುಯ್ಯಾಳಿನಲ್ಲಿ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಉಳಿದದ್ದನ್ನು ಡಿಸೆಂಬರಿನ ಶೂನ್ಯ ಮಾಸದಲ್ಲಿ ಮುಗಿಸಿದೆವು.

ಎಡಿಟಿಂಗ್ ಮನೆಯಲ್ಲೇ. ಒಮ್ಮೆ ಇಡೀ ಸಿನಿಮಾವನ್ನು ಕಪ್ಪು ಬಿಳುಪು ಮಾಡಿ ನೋಡಿದೆ. ಜಾರ್ಮುಶ್ ತಲೆಯಲ್ಲಿದ್ದರು. ನಮ್ಮ ಅವ್ವ ಹತ್ತು ನಿಮಿಷ ನೋಡಿ "ಮೆಣಸಿನಕಾಯಿ ಯಾವುದು, ತೊಟ್ಟು ಯಾವುದು ತಿಳಿವಲ್ದು" ಅಂದಳು. ಸರಿಯಾದ ಮಾತು. ಬಣ್ಣ ವಾಪಸ್ ತಂದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕೆಟ್ಟ ಎರಡು ಪ್ರಯತ್ನ ಬಿಟ್ಟು, ಕೈಯಿಂದ ಹೋದ ನಗದು ಮೂರು ಲಕ್ಷ ಚಿಲ್ಲರೆ. ಸೌಂಡ್ ಮಿಕ್ಸಿಂಗ್ ಸುಮಾರು ತೊಂಬತ್ತು ಸಾವಿರ, ಅದರಲ್ಲಿ ಚೌಕಾಸಿ ಮಾಡಬೇಡಿ. ಪೆಟ್ರೋಲ್ ನಲವತ್ತು. ಹಾರ್ಡ್ ಡಿಸ್ಕ್, ರೆಕಾರ್ಡರ್ ಸೇರಿ ನಲವತ್ತು. ಸೆನ್ಸಾರ್, ಅದಕ್ಕೆ ಬೆಂಗಳೂರಿಗೆ ಓಡಾಟ, ಅಲ್ಲಿ ಮಧ್ಯದವನೊಬ್ಬ ನುಂಗಿದ್ದು, ಎಲ್ಲ ಸೇರಿ ಅರವತ್ತು. ಉಳಿದದ್ದು ಪ್ರೊಜೆಕ್ಟರ್, ಸ್ಪೀಕರ್, ಟೆಂಪೋ ಬಾಡಿಗೆ.

ತೋರಿಸುವುದಕ್ಕೂ ಅದೇ ದಾರಿ ಹಿಡಿದೆ. ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಗುಂಪಿನ ಗೆಳೆಯರು ಊರೂರು ತಿರುಗಿ, ಸಿನಿಮಾ ತೋರಿಸಿ, ಜನರಿಂದಲೇ ದುಡ್ಡು ಕೂಡಿಸಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದ್ದರು. ಅವರು ಮೊದಲೇ ಕೂಡಿಸಿದರು, ನಾನು ಆಮೇಲೆ ಕೂಡಿಸಿದೆ. ಸೆನ್ಸಾರ್ ಆದ ಮೇಲೆ ಊರುಗಳಿಗೆ ಹೊರಟೆ. ಟಿಕೆಟ್ ಇಲ್ಲ. ಮದುವೆ ಮನೆಯ ಹಾಗೆ ಬಾಗಿಲಲ್ಲಿ ಒಂದು ಮೇಜು, ಮುಯ್ಯಿ ಬರೆಯುವ ಪುಸ್ತಕ. ಸಿನಿಮಾ ನೋಡಿ ಹೋಗುವಾಗ ಬರೆಸಬೇಕು, ಬರುವಾಗ ಅಲ್ಲ. ಇದನ್ನು ಮರೆಯಬೇಡಿ, ಮೊದಲ ಎರಡು ಊರಲ್ಲಿ ಬರುವಾಗ ಇಟ್ಟು ಒಂದೂವರೆ ಸಾವಿರವೂ ಆಗಿರಲಿಲ್ಲ. ಆಮೇಲೆ ಎಂಟು, ಒಂಬತ್ತು ಸಾವಿರ. 26 ಊರಿಗೆ ಎರಡು ಲಕ್ಷದ ಮೇಲೆ ಬಂದಿದೆ. ಪರದೆಗೆ ಬೆಡ್‌ಶೀಟ್ ನೋಡಿದೆ, ಶಾಮಿಯಾನದ ಬಿಳಿ ಬಟ್ಟೆ ನೋಡಿದೆ, ಗಾಳಿಗೆ ಎರಡೂ ಉಬ್ಬುತ್ತವೆ. ಹೊಸದಾಗಿ ಸುಣ್ಣ ಹೊಡೆದ ಗೋಡೆಗೆ ಸಾಟಿ ಇಲ್ಲ. ನೂರೈವತ್ತು ರೂಪಾಯಿ ಸುಣ್ಣ, ಊರವರೇ ಹೊಡೆದುಕೊಡುತ್ತಾರೆ.

ಒಂದು ಊರಲ್ಲಿ ಸಿನಿಮಾ ಮುಗಿದ ಮೇಲೆ ವಯಸ್ಸಾದ ಒಬ್ಬ ಕಂಚಗಾರರು ಬಂದು ಪುಸ್ತಕದಲ್ಲಿ ಹತ್ತು ರೂಪಾಯಿ ಬರೆಸಿದರು. "ನನ್ನ ಕಲಾಯಿ ಕೆಲ್ಸನೂ ಹಿಂಗ ಹೋತ್ರಿ" ಅಂದರು. ಕ್ಯಾಮೆರಾ ಇಟ್ಟು ಅವರ ಜೊತೆ ಅರ್ಧ ತಾಸು ಕೂತೆ. ಮುಂದಿನದು ಅವರದೇ ಆಗಬಹುದು.

ನೋಟ್‌ಬುಕ್ಕಿನಲ್ಲಿ ಎಲ್ಲರದೂ ತೀರಿದೆ, ಕಾಕಾನದು ಒಂದು ಬಿಟ್ಟು. ಮೂವತ್ತೊಂದು ದಿನ ಬಂದಿದ್ದಾನೆ. ಫೋಟೋ ಬೇಡ ಅಂದ, ದುಡ್ಡು ಕೊಡಲು ಹೋದರೆ ಸಿಟ್ಟಾದ. ಮೊನ್ನೆ ಅವನೇ ಮನೆಗೆ ಬಂದು, ತಂಗಿಯ ಹೊಲದಲ್ಲಿ ಜೋಳ ಕೊಯ್ಲಿಗೆ ಆಳು ಇಲ್ಲ ಅಂದ. "ಕ್ಯಾಮೆರಾ ಬ್ಯಾಡ, ಕುಡಗೋಲು ತಗೊಂಡ್ ಬಾ" ಅಂದ. ಭಾನುವಾರ ಬೆಳಗ್ಗೆ ಐದಕ್ಕೆ ಹೊರಡಬೇಕು.