ಡ್ರಮ್ಮಿನಲ್ಲಿ ಎಷ್ಟು ಲೀಟರ್ ಇದೆ? ಅಳೆಯುವುದು ಹೀಗೆ

ಕೊಪ್ಪ, ಶೃಂಗೇರಿ ಕಡೆ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಶೇ 1ರ ದ್ರಾವಣಕ್ಕೆ 200 ಲೀಟರ್ ನೀರಿಗೆ 2 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 2 ಕೆಜಿ ಸುಣ್ಣ. ಇದು ಎಲ್ಲರಿಗೂ ಬಾಯಿಪಾಠ. ಆದರೆ ಡ್ರಮ್ಮು ಪೂರ್ತಿ ತುಂಬದಿದ್ದಾಗ ಏನು ಮಾಡುತ್ತಾರೆ? ಬಗ್ಗಿ ನೋಡಿ, ‘ಮುಕ್ಕಾಲು ಇದೆ’ ಅಂದುಬಿಡುತ್ತಾರೆ. ಆ ಅಂದಾಜಿನ ಮೇಲೆ ಔಷಧಿ ಬೀಳುತ್ತದೆ. ಇಷ್ಟು ದುಡ್ಡು ಸುರಿದು, ಅಳತೆಯನ್ನು ಮಾತ್ರ ಕಣ್ಣಿಗೆ ಬಿಡುವುದು ಸರಿಯಲ್ಲ. ಐದು ನಿಮಿಷದಲ್ಲಿ ಲೆಕ್ಕ ಸಿಗುತ್ತದೆ.

1. ಡ್ರಮ್ಮನ್ನು ಸಮ ನೆಲದಲ್ಲಿ ನಿಲ್ಲಿಸಿ. ವಾಲಿದ್ದರೆ ಮುಂದಿನದೆಲ್ಲ ಸುಳ್ಳು.

2. ಸುತ್ತಳತೆ ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಟೇಪನ್ನು ಬಾಯಿಯ ಮೇಲೆ ಅಡ್ಡ ಹಿಡಿದು ವ್ಯಾಸ ಅಳೆಯುತ್ತಾರೆ. ದುಂಡು ಬಾಯಿಯ ನಡುಭಾಗ ಎಲ್ಲಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಟೇಪು ನಡು ತಪ್ಪಿದರೆ ಅಳತೆ ಯಾವಾಗಲೂ ಕಡಿಮೆಯೇ ಬರುತ್ತದೆ, ಜಾಸ್ತಿ ಬರುವುದೇ ಇಲ್ಲ. ಆಮೇಲೆ ಅದನ್ನು ಅರ್ಧ ಮಾಡಿ ತ್ರಿಜ್ಯ ಹಿಡಿಯಬೇಕು. ಎಷ್ಟೋ ಜನ ಆ ಅರ್ಧ ಮಾಡುವುದನ್ನೇ ಮರೆಯುತ್ತಾರೆ. ಆಗ ಉತ್ತರ ನಾಲ್ಕು ಪಟ್ಟು!

ಅದಕ್ಕೇ ನಾನು ಹೇಳುವುದು, ವ್ಯಾಸದ ಸಹವಾಸವೇ ಬೇಡ. ಡ್ರಮ್ಮಿನ ಹೊಟ್ಟೆಗೆ ಒಂದು ಸುತ್ತು ಹಗ್ಗ ಹಾಕಿ. ಹಿಗ್ಗದ ಹಗ್ಗವಾಗಿರಲಿ. ಪ್ಲಾಸ್ಟಿಕ್ ದಾರ ಎಳೆದಷ್ಟೂ ಬರುತ್ತದೆ. ಟೈಲರ್ ಟೇಪು ಸಾಮಾನ್ಯವಾಗಿ 150 ಸೆಂ.ಮೀ.ಗೆ ಮುಗಿಯುತ್ತದೆ, 200 ಲೀಟರಿನ ಕಬ್ಬಿಣದ ಡ್ರಮ್ಮಿನ ಸುತ್ತಳತೆ 180ರ ಆಸುಪಾಸು ಇರುತ್ತದೆ. ಹಗ್ಗವನ್ನು ಉಬ್ಬಿದ ಪಟ್ಟಿಗಳ ಮೇಲೆ ಹಾಯಿಸಬೇಡಿ, ಎರಡು ಪಟ್ಟಿಗಳ ನಡುವಿನ ನುಣುಪು ಜಾಗದಲ್ಲಿ ಸುತ್ತಿ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಓರೆಯಾದರೆ ಅಳತೆ ಉದ್ದವಾಗುತ್ತದೆ. ತುದಿ ಕೂಡಿದಲ್ಲಿ ಪೆನ್ನಿನಿಂದ ಗುರುತು ಹಾಕಿ, ಬಿಚ್ಚಿ, ನೆಲದ ಮೇಲೆ ಎಳೆದಿಟ್ಟು ಸ್ಟೀಲ್ ಟೇಪಿನಿಂದ ಅಳೆಯಿರಿ.

ಇಷ್ಟು ಮುತುವರ್ಜಿ ಯಾಕೆ ಅಂದರೆ, ಲೆಕ್ಕದಲ್ಲಿ ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತೇವೆ. ತಪ್ಪೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. 180ರ ಬದಲು 185 ಅಂತ ಬರೆದರೆ, ನೀರಿನ ಲೆಕ್ಕ ಶೇ 5.6ರಷ್ಟು ಜಾಸ್ತಿ ಬರುತ್ತದೆ.

ಕಬ್ಬಿಣದ ಡ್ರಮ್ಮಿನ ತಗಡು ತೆಳು, ಹೊರಗಿನ ಅಳತೆ ನಡೆಯುತ್ತದೆ. ಸಿಮೆಂಟ್ ರಿಂಗಿನ ತೊಟ್ಟಿಗೆ ಮಾತ್ರ ಇದು ಖಂಡಿತ ನಡೆಯುವುದಿಲ್ಲ. ಒಳಗೆ 3 ಅಡಿ ಅಗಲ, 1 ಅಡಿ ಎತ್ತರದ ರಿಂಗಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ. ಗೋಡೆ 2 ಇಂಚು ದಪ್ಪ ಇದ್ದು, ನೀವು ಹೊರಗಿನಿಂದ ಅಳೆದರೆ 247 ಲೀಟರ್ ಅಂತ ತೋರಿಸುತ್ತದೆ! ಅಲ್ಲಿ ಒಳಗಿನ ಅಗಲವನ್ನೇ ಮೂರ್ನಾಲ್ಕು ಕಡೆ ಅಳೆದು, ಅತಿ ದೊಡ್ಡದನ್ನು ಹಿಡಿಯಿರಿ. ಅದನ್ನು 3.14ರಿಂದ ಗುಣಿಸಿದರೆ ಒಳ ಸುತ್ತಳತೆ.

3. ನೀರಿನ ಎತ್ತರ ನೋಡಿ. ಒಣ ಬಿದಿರಿನ ಕಡ್ಡಿಯನ್ನು ನೆಟ್ಟಗೆ ತಳ ಮುಟ್ಟುವ ತನಕ ಇಳಿಸಿ, ಒದ್ದೆಯಾದಷ್ಟನ್ನು ಸೆಂ.ಮೀ.ನಲ್ಲಿ ಅಳೆಯಿರಿ.

4. ಲೆಕ್ಕ ಮಾಡಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ. ಎತ್ತರದಿಂದ ಗುಣಿಸಿ. 12,570ರಿಂದ ಭಾಗಿಸಿ. ಬಂದದ್ದು ಲೀಟರ್. 180 ಸೆಂ.ಮೀ. ಸುತ್ತಳತೆ, 50 ಸೆಂ.ಮೀ. ನೀರು ಇದ್ದರೆ 129 ಲೀಟರ್. ಮೈಲುತುತ್ತ 1 ಕೆಜಿ 290 ಗ್ರಾಂ ಸಾಕು, ಸುಣ್ಣವೂ ಅಷ್ಟೇ. ಇಂಥ ಡ್ರಮ್ಮಿನಲ್ಲಿ ಒಂದೊಂದು ಸೆಂ.ಮೀ. ಎತ್ತರಕ್ಕೆ 2.58 ಲೀಟರ್. ಆ ಸಂಖ್ಯೆಯನ್ನು ಡ್ರಮ್ಮಿನ ಮೇಲೆ ಪೇಂಟಿನಲ್ಲಿ ಬರೆದಿಡಿ, ಮುಂದಿನ ಸಲ ಕಡ್ಡಿ ಮಾತ್ರ ಸಾಕು.

ಆದರೆ ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬೇಡಿ. ತಾಮ್ರ ಹೋಗಿ ಕಬ್ಬಿಣಕ್ಕೆ ಅಂಟುತ್ತದೆ, ಡ್ರಮ್ಮೂ ತಿಂದುಹೋಗುತ್ತದೆ. ಪ್ಲಾಸ್ಟಿಕ್ಕೇ ಬೇಕು. ಪ್ಲಾಸ್ಟಿಕ್ ಡ್ರಮ್ಮಿನ ಹೊಟ್ಟೆ ದಪ್ಪ, ಬಾಯಿ ಸಣ್ಣ ಇದ್ದರೆ ಈ ಸೂತ್ರ ಹೊಂದುವುದಿಲ್ಲ. ಅಂಥದಕ್ಕೆ ಬಕೆಟ್ಟಿನಲ್ಲಿ ನೀರು ಅಳೆದು ಸುರಿಯುತ್ತಾ, ಪ್ರತಿ 20 ಲೀಟರಿಗೆ ಹೊರಗೆ ಗೆರೆ ಎಳೆಯಿರಿ. ಅಗ್ಗದ ಬಕೆಟ್ಟಿನ ಒಳಗಿರುವ ಲೀಟರ್ ಗೆರೆಗಳನ್ನು ನಾನಂತೂ ನಂಬುವುದಿಲ್ಲ. ತಕ್ಕಡಿಗೆ ಹಾಕಿ ತೂಗಿ. ಒಂದು ಲೀಟರ್ ನೀರು ಒಂದು ಕೆಜಿ ಅಂತ ಹಿಡಿದರೆ ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಮಲಗಿಸಿದ ಡ್ರಮ್ಮು

ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಪಂಪ್‌ಸೆಟ್ಟಿನ ಡೀಸೆಲ್ ಡ್ರಮ್ಮನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿಡುತ್ತಾರೆ. ಕಡ್ಡಿ ಕಾಲುಭಾಗ ಒದ್ದೆಯಾಯಿತು, ಹಾಗಾದರೆ 50 ಲೀಟರ್ ಇದೆ ಅಂದುಕೊಳ್ಳುತ್ತಾರೆ. ಇರುವುದು 39 ಮಾತ್ರ. ಮಲಗಿದ ಡ್ರಮ್ಮಿನ ತಳ ಕಿರಿದು, ನಡು ಅಗಲ. ಹಾಗಾಗಿ ಕೆಳಗಿನ ಒಂದು ಸೆಂ.ಮೀ.ಗೂ ನಡುವಿನ ಒಂದು ಸೆಂ.ಮೀ.ಗೂ ಸರಿಸಮ ಇಲ್ಲ.

ಈ ಲೆಕ್ಕ ಉದ್ದದ್ದು, ಪ್ರತಿ ಸಲ ಮಾಡುವುದು ಬೇಡ. ಕಡ್ಡಿಯಲ್ಲಿ ಶೇ 10 ಆಳ ತೋರಿಸಿದರೆ ಇರುವುದು ಶೇ 5. ಆಳ ಶೇ 20 ಆದರೆ 14, ಶೇ 30 ಆದರೆ 25, ಶೇ 40 ಆದರೆ 37. ಸರಿ ಅರ್ಧಕ್ಕೆ ಅರ್ಧ. ಅದಕ್ಕಿಂತ ಮೇಲಿದ್ದರೆ ಖಾಲಿ ಭಾಗವನ್ನು ಇದೇ ಪಟ್ಟಿಯಲ್ಲಿ ನೋಡಿ, 100ರಲ್ಲಿ ಕಳೆಯಿರಿ. ಇದನ್ನು ಕಾಗದದಲ್ಲಿ ಬರೆದು ಪಂಪ್‌ಹೌಸಿನ ಗೋಡೆಗೆ ಅಂಟಿಸಿ. ಕತ್ತಲೆ ಅಂತ ಡ್ರಮ್ಮಿನ ಬಾಯಿಗೆ ಬೆಂಕಿಕಡ್ಡಿ ಹಿಡಿದು ಇಣುಕುವ ಕೆಲಸ ಯಾವತ್ತೂ ಬೇಡ. ಡ್ರಮ್ಮನ್ನು ಕಂಠಪೂರ್ತಿ ತುಂಬಿಸಲೂಬೇಡಿ. ಬಿಸಿಲಿಗೆ 15 ಡಿಗ್ರಿ ಬಿಸಿ ಏರಿದರೆ 200 ಲೀಟರ್ ಡೀಸೆಲ್ ಸುಮಾರು ಎರಡೂವರೆ ಲೀಟರ್ ಹಿಗ್ಗುತ್ತದೆ.

ದ್ರವ ಅಲ್ಲದಿದ್ದರೆ

ಕಾಫಿ ಬೀಜಕ್ಕೆ, ಭತ್ತಕ್ಕೆ ಈ ಲೆಕ್ಕ ಹಾಕಿ ತೂಕ ಹೇಳಬೇಡಿ. ಕಾಳುಗಳ ನಡುವೆ ಗಾಳಿ ಇರುತ್ತದೆ, ಡ್ರಮ್ಮನ್ನು ಅಲ್ಲಾಡಿಸಿದರೆ ಮಟ್ಟವೇ ಇಳಿಯುತ್ತದೆ. ತೂಗುವುದೊಂದೇ ದಾರಿ.

ಅಡುಗೆ ಗ್ಯಾಸ್ ಸಿಲಿಂಡರಿಗೂ ತಕ್ಕಡಿಯೇ. ಒಳಗೆ ಕೆಳಗಡೆ ದ್ರವ, ಮೇಲುಗಡೆ ಅನಿಲ. ದ್ರವ ಒಂದಿಷ್ಟು ಉಳಿದಿರುವ ತನಕ ಒತ್ತಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದ್ದರಿಂದ ಒತ್ತಡ ತೋರಿಸುವ ಮೀಟರಿಗೆ ದುಡ್ಡು ಹಾಕುವುದು ದಂಡ. ಸಿಲಿಂಡರ್ ಮೇಲೆ ಖಾಲಿ ತೂಕ ಬರೆದಿರುತ್ತದೆ. ಅದು 15.3 ಇದ್ದು, ಈಗ ತೂಗಿದಾಗ 20.1 ಬಂದರೆ, ತುಂಬಿಸಿ ಕೊಟ್ಟ 14.2 ಕೆಜಿಯಲ್ಲಿ ಇನ್ನು 4.8 ಕೆಜಿ ಉಳಿದಿದೆ.