ಕೊಟ್ಟಿಗೆ ಎಂದು ಬರೆದ ಕೋಣೆ

ಹಳೆ ಬಾಗಲಕೋಟೆಯ ಇಬ್ಬರು ಗೆಳೆಯರ ಕತೆಯೊಂದನ್ನು ನಾನು ನಾಲ್ಕು ಸಲ ಬರೆದೆ. ಆಲಮಟ್ಟಿ ಹಿನ್ನೀರಿಗೆ ಹೋಗಲಿದ್ದ ಮನೆಗಳನ್ನು ಅಳೆಯುವ ತಂಡದಲ್ಲಿ ಮಲ್ಲೇಶ ಗುಮಾಸ್ತ. ಗೆಳೆಯ ಈರಪ್ಪನ ಮನೆಯ ಸರದಿ ಬಂದಾಗ, ತನ್ನವನಿಗೆ ಹೆಚ್ಚು ಬರೆದ ಎಂಬ ಮಾತು ಬಂದೀತೆಂದು ಹೆದರಿ, ಈರಪ್ಪನ ತಾಯಿ ಮಲಗುತ್ತಿದ್ದ ಕೋಣೆಯನ್ನು ದನದ ಕೊಟ್ಟಿಗೆ ಎಂದು ನಮೂದಿಸುತ್ತಾನೆ. ಪರಿಹಾರ ಕಡಿಮೆಯಾಗುತ್ತದೆ. ಲಂಚ ತಿಂದವನನ್ನು ಬರೆಯುವುದು ಸುಲಭ. ಪ್ರಾಮಾಣಿಕನೆನಿಸಿಕೊಳ್ಳಲು ಹೋಗಿ ಗೆಳೆಯನಿಗೆ ಕೇಡು ಮಾಡಿದವನ ಸಂಕಟ ನನಗೆ ಬೇಕಿತ್ತು.

ಮೊದಲ ಕರಡಿನಲ್ಲಿ ಘಟಪ್ರಭೆಯ ದಂಡೆ, ಮಳೆ, ಮಲ್ಲೇಶನ ಅಳು, ಈರಪ್ಪನ ಅಪ್ಪುಗೆ ಎಲ್ಲವೂ ಇದ್ದವು. ಓದಿದ ಹೆಂಡತಿ ಒಂದೇ ಮಾತು ಕೇಳಿದಳು: “ಇಷ್ಟು ಸಲೀಸಾಗಿ ಕ್ಷಮೆ ಸಿಗುವುದಿದ್ದರೆ ಈ ಮನುಷ್ಯ ಹದಿನೈದು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದ?” ಅಂದೇ ‘ಪಶ್ಚಾತ್ತಾಪ’, ‘ಕ್ಷಮೆ’ ಎರಡೂ ಪದಗಳನ್ನು ಇಡೀ ಕತೆಯಿಂದ ಹೊಡೆದುಹಾಕಿದೆ.

ಪದ ಹೋದ ಮೇಲೆ ಆ ಭಾರವನ್ನು ಬೇರೆ ಎಲ್ಲಾದರೂ ಇಡಬೇಕಾಯಿತು. ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ಹಳಬರ ಮಾತಿಗೆ ಕಿವಿಗೊಟ್ಟಿದ್ದೆ. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್, 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ಒಪ್ಪಿದ ಮಟ್ಟ 524.256 ಮೀಟರ್, ದಶಾಂಶವನ್ನೂ ಬಿಡದೆ ಹೇಳುತ್ತಾರೆ. ಅಳತೆಯ ಆ ಚಟವನ್ನು ಮಲ್ಲೇಶನ ಕಾಲಿಗೆ ಕೊಟ್ಟೆ. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟಲ್ಲಿಂದ ಎದುರು ಗೋಡೆಯವರೆಗೆ ಹೆಜ್ಜೆ ಎಣಿಸುತ್ತಾನೆ. ಈರಪ್ಪನ ಹೊಸ ಮನೆಯಲ್ಲಿ ಮಾತ್ರ ಹೊಸ್ತಿಲ ಹೊರಗೇ ಕೂರುತ್ತಾನೆ. ಬರುವಾಗಲೆಲ್ಲ ಅಮೀನಗಡದ ಕರದಂಟು ತರುತ್ತಾನೆ.

ನನ್ನನ್ನು ನಿಜವಾಗಿ ಸತಾಯಿಸಿದವನು ಈರಪ್ಪ. ಪರಿಹಾರದ ಕಾಗದ ಕೈಗೆ ಬಂದ ದಿನವೇ ಅವನಿಗೆ ಎಲ್ಲವೂ ತಿಳಿದಿದೆ ಎಂದು ಎರಡನೆಯ ಕರಡಿನಲ್ಲಿ ಬದಲಿಸಿದೆ. ಜೊತೆಗೆ ಸಕ್ಕರೆ ಕಾಯಿಲೆಯನ್ನೂ ಕೊಟ್ಟೆ. ಮಲ್ಲೇಶನ ಎದುರಿಗೆ ಅವನು ಕರದಂಟಿನ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ಗೆಳೆಯ ಓಣಿಯ ತಿರುವು ದಾಟಿದ ಮೇಲೆ ಡಬ್ಬಿ ಪಕ್ಕದ ಮನೆಯ ಮಕ್ಕಳ ಪಾಲು. ಇದು ನನಗೆ ಬಹಳ ಹಿಡಿಸಿತು. ಹಿಡಿಸಿದ್ದರಿಂದಲೇ ಅನುಮಾನ ಬಂತು. ಈರಪ್ಪ ನನ್ನ ಕೈಯಲ್ಲಿ ಸಂತನಾಗುತ್ತಿದ್ದ!

ಮೂರನೆಯ ಸಲ ಅವನಿಗೊಂದು ಚುಚ್ಚುಮಾತು ಕೊಟ್ಟೆ. ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಎತ್ತು ಕಟ್ಟಲು ಜಾಗವಿಲ್ಲ ಎನ್ನುತ್ತಾರೆ. “ಕೊಟ್ಟಿಗೆಯ ವಿಷಯವನ್ನು ನಮ್ಮ ಮಲ್ಲೇಶನನ್ನು ಕೇಳಿರಿ, ಅವನ ಲೆಕ್ಕ ತಪ್ಪುವುದಿಲ್ಲ” ಎನ್ನುತ್ತಾನೆ ಈರಪ್ಪ. ಎಲ್ಲರೂ ನಗುತ್ತಾರೆ. ರೊಟ್ಟಿ ಮುರಿಯುತ್ತಿದ್ದ ಮಲ್ಲೇಶನ ಕೈ ನಿಲ್ಲುತ್ತದೆ. ಈರಪ್ಪ ಬಡಿಸುವವನನ್ನು ತಡೆದು, ಮೊಸರಿನ ಪಾತ್ರೆ ಇಸಿದುಕೊಂಡು, ಗೆಳೆಯನಿಗೆ ತಾನೇ ಬಡಿಸುತ್ತಾನೆ. ಮಾತಿಗೂ ಮೊಸರಿಗೂ ನಡುವೆ ಅವನ ಮನಸ್ಸಿನಲ್ಲಿ ಏನಾಯಿತೆಂದು ಮೊದಲು ಆರು ಸಾಲು ವಿವರಿಸಿದ್ದೆ. ಆರನ್ನೂ ತೆಗೆದೆ.

ಕೊನೆಗೆ ಈರಪ್ಪ ಹಿತ್ತಿಲಲ್ಲೊಂದು ಕೋಣೆ ಕಟ್ಟಿಸಲು ಹೊರಡುತ್ತಾನೆ. ಟೇಪಿನ ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಹೊಸ್ತಿಲಾಚೆ ಕುಳಿತವನತ್ತ ಚಾಚುತ್ತಾನೆ: “ಒಳಗೆ ಬಾ ದೋಸ್ತ, ನೀನೇ ಬರೆದುಕೋ.” ಇದು ಕರುಣೆಯೋ, ಕೊಂಕೋ? ಓದಿದವರಲ್ಲಿ ಇಬ್ಬರು ಕೇಳಿದರು. ಹತ್ತು ಅಡಿ ಆರು ಇಂಚು ಎಂದು ಮಲ್ಲೇಶ ಬರೆದುಕೊಳ್ಳುವ ಸಾಲು ಮೂರು ಕರಡುಗಳಲ್ಲಿತ್ತು. ನಾಲ್ಕನೆಯದರಲ್ಲಿ ಅವನು ಚಪ್ಪಲಿ ಬಿಡುವಲ್ಲಿಗೆ ನಿಲ್ಲಿಸಿದ್ದೇನೆ.